ಕಂಬದ ಕೆಳಗೆ ನಿಂತವರು: ಸಾವು ಕಣ್ಣಾರೆ ಕಂಡ ಮೇಲೆ ಮನಸ್ಸು ಮರಗಟ್ಟಿದ ಒಬ್ಬ ಲೈನ್‌ಮನ್‌ನ ಪ್ರಕರಣ

ಇಲ್ಲಿ ಬರುವ ವ್ಯಕ್ತಿಯನ್ನು ಬಸಣ್ಣ ಎಂದು ಕರೆಯೋಣ. ಅದು ಅವರ ಹೆಸರಲ್ಲ. ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದೆ. ಇದೇ ಬಗೆಯ ಬೇರೆ ಪ್ರಕರಣಗಳ ಕೆಲವು ಸಂಗತಿಗಳೂ ಇದರೊಳಗೆ ಸೇರಿವೆ. ಚಿಕಿತ್ಸೆಯ ಹಂತಗಳನ್ನು ಮಾತ್ರ ನಡೆದ ಕ್ರಮದಲ್ಲೇ ಇಟ್ಟಿದೆ, ಯಾಕೆಂದರೆ ಇಂಥ ಪ್ರಕರಣಗಳಲ್ಲಿ ಕೆಡುವುದೂ ಸುಧಾರಿಸುವುದೂ ಕ್ರಮದ ಮೇಲೇ ನಿಂತಿರುತ್ತದೆ.

ಹಿನ್ನೆಲೆ

ಬಸಣ್ಣನವರಿಗೆ ನಲವತ್ತರ ಆಸುಪಾಸು. ಮಧ್ಯ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಲೈನ್‌ಮನ್. ಮನೆಯಲ್ಲಿ ಹೆಂಡತಿ, ಹೈಸ್ಕೂಲಿನ ಮಗಳು, ಒಂದು ಹಸು, ಮಳೆ ನಂಬಿದ ಎರಡು ಎಕರೆ. ಹಿಂದೆ ಮಾನಸಿಕ ಕಾಯಿಲೆ ಇರಲಿಲ್ಲ. ಕುಡಿತ ಹಬ್ಬಕ್ಕೋ ಮದುವೆಗೋ ಮಾತ್ರ.

ಮುಂಗಾರಿನ ಒಂದು ಬೆಳಗ್ಗೆ, ಗಾಳಿಮಳೆಗೆ 11 ಕೆ.ವಿ. ಲೈನಿನ ಜಂಪ್ (ತಂತಿಯ ಎರಡು ತುಂಡುಗಳನ್ನು ಕಂಬದ ಮೇಲೆ ಜೋಡಿಸುವ ತಂತಿ) ಕಟ್ಟಾಗಿತ್ತು. ಸಬ್‌ಸ್ಟೇಷನ್‌ನಿಂದ ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿ ಕೊಡುವ ‘ಲೈನ್ ಕ್ಲಿಯರ್’ ಅನುಮತಿ, ತೆಗೆದುಕೊಂಡು ಕೆಲಸ ಶುರು ಮಾಡಿದರು. ಕಂಬ ಹತ್ತಿದ್ದು ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗದ ಹುಡುಗ. ಬಸಣ್ಣ ಕೆಳಗೆ ನಿಂತು ಹಗ್ಗದಲ್ಲಿ ಸಾಮಾನು ಕಳಿಸುತ್ತಿದ್ದರು. ತಪ್ಪಿ ಬಂದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ರಾಡ್ ಹಾಕಿದ್ದು ಸಬ್‌ಸ್ಟೇಷನ್ ಕಡೆಗೆ ಮಾತ್ರ. ಜಂಪ್ ಕಟ್ಟಾಗಿದ್ದರಿಂದ ಲೈನಿನ ಆಚೆ ತುಂಡಿಗೆ ಆ ರಕ್ಷಣೆ ಇರಲಿಲ್ಲ. ಆಚೆ ಕಡೆ ಯಾರೋ, ಮನೆಯ ವೈರಿಂಗನ್ನು ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಚಾಲೂ ಮಾಡಿದರು. ಅದರ ಕರೆಂಟ್ ಟಿ.ಸಿ.ಯೊಳಗೆ (ಟ್ರಾನ್ಸ್‌ಫಾರ್ಮರ್) ಹಿಮ್ಮುಖವಾಗಿ ಹೋಗಿ, ಹೈ ವೋಲ್ಟೇಜ್ ಆಗಿ ಲೈನಿಗೆ ಬಂತು.

ಹುಡುಗ ಬೆಲ್ಟಿನಲ್ಲೇ ನೇತಾಡಿದ. ಲೈನಿನಲ್ಲಿ ಕರೆಂಟ್ ಇಲ್ಲ ಎಂದು ಖಾತ್ರಿಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಸುಮಾರು ಇಪ್ಪತ್ತು ನಿಮಿಷ ಬಸಣ್ಣ ತಲೆಯೆತ್ತಿ ನೋಡುತ್ತ ನಿಂತಿದ್ದರು.

ಆಮೇಲೆ ಅವರು ಮಾಡದ ಕೆಲಸವಿಲ್ಲ. ಶವ ಇಳಿಸಿದರು, ಆಂಬುಲೆನ್ಸಿನಲ್ಲಿ ಕೂತರು, ಪೊಲೀಸರಿಗೆ ಹೇಳಿಕೆ ಕೊಟ್ಟರು, ಪೋಸ್ಟ್‌ಮಾರ್ಟಮ್ ಮುಗಿಯುವವರೆಗೆ ಶವಾಗಾರದ ಮುಂದೆ ಕಾದರು, ಹುಡುಗನ ತಾಯಿಗೆ ಸುದ್ದಿ ಮುಟ್ಟಿಸಿದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಹಾಲು-ತುಪ್ಪಕ್ಕೂ ತಿಥಿಗೂ ಮುಂದೆ ನಿಂತು ಓಡಾಡಿದರು. ‘ಗಟ್ಟಿ ಮನುಷ್ಯ’ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯಿಂದಲೇ ಎರಡು ತಿಂಗಳು ಯಾರಿಗೂ ಇದು ಕಾಯಿಲೆಯೆಂಬ ಅನುಮಾನ ಬರಲಿಲ್ಲ.

ತೊಂದರೆ ಕಂಡದ್ದು ಎಲ್ಲಿ

ಮೊದಲು ಗಮನಿಸಿದ್ದು ಹೆಂಡತಿ. ಸಾರಿಗೆ ಎರಡು ಸಲ ಉಪ್ಪು ಬಿದ್ದಿದ್ದರೂ ಅವರು ತುಟಿ ಪಿಟಕ್ಕೆನ್ನದೆ ಉಂಡೆದ್ದರು. ಮಗಳು ಓಟದಲ್ಲಿ ಗೆದ್ದು ಕಪ್ ತಂದಾಗ ‘ಹೂಂ’ ಎಂದು ಟಿವಿ ಕಡೆ ತಿರುಗಿದರು. ಟಿವಿ ಆಫ್ ಆಗಿತ್ತು. ಮುಂದೆ ಆಸ್ಪತ್ರೆಯಲ್ಲಿ ಅವರೇ ಹೇಳಿದ ಮಾತು: “ನಮ್ಮನೇಲೇ ನೆಂಟರ ಥರ ಕುಂತಿರ್ತೀನಿ ಸಾರ್. ಎಲ್ಲಾ ಕಾಣ್ತೈತೆ, ಏನೂ ತಟ್ಟಲ್ಲ.”

ಆದರೆ ಅವರನ್ನು ಆಸ್ಪತ್ರೆಗೆ ತಂದದ್ದು ಮನೆಯ ದುಃಖವಲ್ಲ, ಕೆಲಸದ ಜಾಗದ ಒಂದು ಘಟನೆ. ಒಂದು ದಿನ ಬಸಣ್ಣ ಗ್ಲೌಸ್ ಹಾಕದೆ, ಟೆಸ್ಟ್ ಮಾಡದೆ, ಅರ್ಥ್ ಮಾಡದೆ ಕಂಬಕ್ಕೆ ಏಣಿ ಆನಿಸಿದರು. ಜೊತೆಗಾರ ಕೂಗಿ ಇಳಿಸಿದ. ಯಾಕೆ ಹೀಗೆ ಎಂದು ಕೇಳಿದರೆ, ಮರೆತೆ ಎನ್ನಲಿಲ್ಲ. “ಭಯ ಬರ್ಲಿಲ್ಲ” ಎಂದರು. ಮರಗಟ್ಟಿದ ಮನಸ್ಸು ದುಃಖವನ್ನಷ್ಟೇ ಆರಿಸಿ ತೆಗೆಯುವುದಿಲ್ಲ. ದುಃಖದ ಜೊತೆ ಸಂತೋಷ ಹೋಗುತ್ತದೆ, ಭಯವೂ ಹೋಗುತ್ತದೆ. ಕರೆಂಟ್, ಯಂತ್ರ, ವಾಹನಗಳ ಜೊತೆ ಕೆಲಸ ಮಾಡುವವರಲ್ಲಿ ಭಯ ಇಲ್ಲದಿರುವುದು ತುರ್ತಿನ ಲಕ್ಷಣ. ಸೆಕ್ಷನ್ ಆಫೀಸರ್ ಆ ದಿನವೇ ಅವರನ್ನು ಕಂಬದ ಕೆಲಸದಿಂದ ಬಿಡಿಸಿ ಕಚೇರಿ ಕೆಲಸಕ್ಕೆ ಹಾಕಿದರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮೊದಲು ಆದ ಸರಿಯಾದ ತೀರ್ಮಾನ ಅದು, ಅದನ್ನು ತೆಗೆದುಕೊಂಡವರು ವೈದ್ಯರಲ್ಲ.

ಅಷ್ಟರಲ್ಲಿ ಮಾಡಿ ನೋಡಿದ್ದು

ಮನೆಯವರು ‘ಬೆದರಿದ್ದಾರೆ’ ಎಂದು ನಿವಾಳಿಸಿ ತಾಯಿತ ಕಟ್ಟಿಸಿದ್ದರು. ಇದರಿಂದ ಕೆಡುಕೇನೂ ಆಗಲಿಲ್ಲ, ಮುಂದೆ ಚಿಕಿತ್ಸೆ ಕೊಟ್ಟ ತಂಡವೂ ಅದನ್ನು ಬಿಚ್ಚಿಸಲು ಹೋಗಲಿಲ್ಲ. ಕೆಡುಕಾದದ್ದು ಅಳಿಸುವ ಪ್ರಯತ್ನದಿಂದ. ‘ಒಂದು ಸಲ ಅತ್ತುಬಿಟ್ಟರೆ ಹಗುರಾಗುತ್ತೆ’ ಎಂದು ಹಿರಿಯರೊಬ್ಬರು ಹುಡುಗನ ಫೋಟೋ ಮುಂದಿಟ್ಟು ಗೋಳಾಡಿದರು. ಬಸಣ್ಣನಿಗೆ ಅಳು ಬರಲಿಲ್ಲ. ‘ನಾನು ಮನುಷ್ಯನೇ ಅಲ್ಲ’ ಎಂಬ ಹೊಸ ನಂಬಿಕೆ ಬಂತು.

ಇನ್ನೊಂದು, ವಿಡಿಯೋ. ರಸ್ತೆಯಲ್ಲಿ ಹೋಗುವವರಾರೋ ತೆಗೆದದ್ದು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಸುತ್ತುತ್ತಿತ್ತು. ಅದು ಬಸಣ್ಣನ ಫೋನಿಗೆ ನಾಲ್ಕು ಕಡೆಯಿಂದ ಬಂದಿತ್ತು, ತಾನಾಗಿಯೇ ಡೌನ್‌ಲೋಡ್ ಆಗಿ ಗ್ಯಾಲರಿಯಲ್ಲಿ ಮಗಳ ಫೋಟೋಗಳ ಪಕ್ಕ ಕೂತಿತ್ತು. ಅವರು ಅದನ್ನು ದಿನಕ್ಕೊಮ್ಮೆಯಾದರೂ ನೋಡುತ್ತಿದ್ದರು, ಏನಾದರೂ ಅನಿಸುತ್ತದೋ ನೋಡೋಣ ಎಂದು.

ಕಚೇರಿಯವರು ಮೂವತ್ತು-ನಲವತ್ತು ಜನರನ್ನು ಒಂದು ಹಾಲಿನಲ್ಲಿ ಕೂಡಿಸಿ, ಸುರಕ್ಷತಾ ತರಬೇತಿಯ ಕೊನೆಗೆ ‘ಕಂಡದ್ದನ್ನು ಎಲ್ಲರೂ ಹೇಳಿಕೊಳ್ಳಿ’ ಎಂದರು. ಉದ್ದೇಶ ಒಳ್ಳೆಯದೇ. ಆದರೆ ಆಘಾತದ ಬೆನ್ನಿಗೆ ಒಬ್ಬೊಬ್ಬರನ್ನೇ ಕೂರಿಸಿ ಒಂದೇ ಬೈಠಕ್‌ನಲ್ಲಿ ಹೇಳಿಸುವ ಪದ್ಧತಿ ಕೂಡ ಮುಂದಿನ ಕಾಯಿಲೆಯನ್ನು ತಡೆಯುವುದಿಲ್ಲ, ಕೆಲವರಿಗೆ ಹಾನಿಯನ್ನೂ ಮಾಡಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2002ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಮೊದಲ ವಾರಗಳಲ್ಲಿ ಬೇಕಾದದ್ದು ಇಷ್ಟೇ: ಊಟ, ನಿದ್ದೆ, ಜೊತೆಗೊಬ್ಬರು, ಸರಿಯಾದ ಮಾಹಿತಿ, ಹೇಳಬೇಕು ಅನಿಸಿದವರಿಗೆ ಕೇಳುವ ಕಿವಿ.

ನಿದ್ದೆ ಬರದಿದ್ದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ರಾತ್ರಿಗೆ ಅಲ್ಪ್ರಾಜೋಲಾಮ್ ಎಂಬ ಬೆಂಜೊಡಯಜೆಪಿನ್ ಗುಂಪಿನ ಮಾತ್ರೆ 0.5 ಮಿ.ಗ್ರಾಂ. ಬರೆದುಕೊಟ್ಟಿದ್ದರು. ಹತ್ತು ದಿನಕ್ಕೆಂದು ಕೊಟ್ಟ ಚೀಟಿ ಮೆಡಿಕಲ್ ಶಾಪಿನಲ್ಲಿ ಎರಡು ತಿಂಗಳು ಓಡಿತು. ಅದರ ಮೇಲೆ ವಾರಕ್ಕೆ ಮೂರು-ನಾಲ್ಕು ದಿನ ಒಂದು ಕ್ವಾರ್ಟರ್. ಈ ಗುಂಪಿನ ಮಾತ್ರೆಗಳನ್ನು ಆಘಾತದ ನಂತರದ ಮೊದಲ ತಿಂಗಳಲ್ಲಿ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುತ್ತದೆ. ನಿದ್ದೆ ಬರುತ್ತದೆ ನಿಜ, ಆದರೆ ನೆನಪು ಅರಗುವ ಕೆಲಸಕ್ಕೆ ಅಡ್ಡಿಯಾಗಬಹುದು, ಮರಗಟ್ಟಿದ್ದು ಇನ್ನಷ್ಟು ಗಟ್ಟಿಯಾಗಬಹುದು.

ತಪಾಸಣೆ

ಘಟನೆಯಾಗಿ ಹತ್ತು ವಾರದ ಮೇಲೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್‌ಗೆ ಬಂದರು, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ. ಥೈರಾಯ್ಡ್, ಬಿ12, ಲಿವರ್ ಪರೀಕ್ಷೆ ಮಾಡಿಸಿ, ಅವರಿಗೂ ಶಾಕ್ ಹೊಡೆದಿತ್ತೇ ಎಂದು ಕೇಳಿ ಇಸಿಜಿ ತೆಗೆದರು. ಎಲ್ಲವೂ ಸರಿಯಿತ್ತು.

ಪಿಸಿಎಲ್-5 ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿಯಲ್ಲಿ 80ಕ್ಕೆ 46 ಬಂತು. 31ರಿಂದ 33 ದಾಟಿದರೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಇರಬಹುದೆಂದು ಮುಂದಿನ ತಪಾಸಣೆ ಮಾಡುತ್ತಾರೆ. ಒಟ್ಟು ಅಂಕಕ್ಕಿಂತ ಅದು ಹಂಚಿಹೋದ ರೀತಿ ನೋಡಬೇಕು. ನೆನಪು ನುಗ್ಗುವುದು, ಕೆಟ್ಟ ಕನಸುಗಳ ಐದು ಪ್ರಶ್ನೆಗಳಿಗೆ ಸೇರಿ ಬರೀ 6. ಆಸಕ್ತಿ ಹೋದದ್ದು, ಜನರಿಂದ ದೂರವಾದದ್ದು, ಪ್ರೀತಿ-ಸಂತೋಷ ಅನಿಸದಿರುವುದು, ಅಂದರೆ 12, 13, 14ನೇ ಪ್ರಶ್ನೆಗಳಿಗೆ ಪೂರ್ತಿ ನಾಲ್ಕು-ನಾಲ್ಕು. ಇಲ್ಲಿ ಒಂದು ಎಚ್ಚರಿಕೆ: ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿ ಪಿಟಿಎಸ್‌ಡಿಗೆ ಮುಖ್ಯವಾಗಿ ಬೇಕಾದವು ಘಟನೆ ಮತ್ತೆ ಕಣ್ಣೆದುರು ನಡೆದಂತಾಗುವುದು, ತಪ್ಪಿಸಿಕೊಳ್ಳುವುದು, ಅಪಾಯ ಈಗಲೂ ಇದೆ ಎಂಬ ಭಾವ. ಮರಗಟ್ಟುವುದು ಆ ಮೂರರಲ್ಲಿ ಇಲ್ಲ. ‘ಕನಸು ಬೀಳುತ್ತಾ? ಇಲ್ಲ. ಹಾಗಾದರೆ ಪಿಟಿಎಸ್‌ಡಿ ಅಲ್ಲ, ಖಿನ್ನತೆ’ ಎಂದು ಐದು ನಿಮಿಷದಲ್ಲಿ ಬರೆದು ಕಳಿಸಿದರೆ ಇಂಥವರು ಕೈತಪ್ಪುತ್ತಾರೆ. ಬಸಣ್ಣನಿಗೆ ಕನಸು ಬೀಳುತ್ತಿರಲಿಲ್ಲ, ಮಾತ್ರೆ ಮತ್ತು ಕ್ವಾರ್ಟರ್ ಬೀಳಲು ಬಿಡುತ್ತಿರಲಿಲ್ಲ.

ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿದರು. “ಇದ್ರೂ ಆಯ್ತು, ಹೋದ್ರೂ ಆಯ್ತು” ಎಂಬ ಉತ್ತರ ಬಂತು. ಸ್ವರದಲ್ಲಿ ಏರಿಳಿತವಿಲ್ಲ ಎಂದು ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಮರಗಟ್ಟಿದವರು ಸಾವಿನ ಮಾತನ್ನೂ ಹವಾಮಾನದಂತೆ ಹೇಳುತ್ತಾರೆ. ಹಾಗಾಗಿ ಮಾತ್ರೆಗಳು ಹೆಂಡತಿಯ ಕೈಗೆ, ಹೊಲದ ಕ್ರಿಮಿನಾಶಕ ಅಣ್ಣನ ಮನೆಗೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ ಸಂಖ್ಯೆ 14416 ಇಬ್ಬರ ಫೋನಿಗೂ.

ಔಷಧಿಯ ದಾರಿ

ಮೊದಲು ಕುಡಿತ ನಿಲ್ಲಿಸಿದರು. ಅಲ್ಪ್ರಾಜೋಲಾಮ್ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ, ಕುಡಿತವೂ ಸೇರಿದ್ದರೆ ಇನ್ನೂ ಹೆಚ್ಚು. ಆದ್ದರಿಂದ 0.25ಕ್ಕೆ ಇಳಿಸಿ ಎರಡು ವಾರ, ಅದರ ಅರ್ಧ ಮಾತ್ರೆ ಎರಡು ವಾರ, ಆಮೇಲೆ ಬಂದ್. ಜೊತೆಗೆ ಸರ್ಟ್ರಾಲಿನ್ ಎಂಬ ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆ-ನಿವಾರಕ ಮಾತ್ರೆ 25ರಿಂದ ಶುರುಮಾಡಿ 50, ಬಳಿಕ 100 ಮಿ.ಗ್ರಾಂ. ಬೆಚ್ಚಿಬೀಳುವುದು ಕಡಿಮೆಯಾಯಿತು, ನಿದ್ದೆ ಸುಧಾರಿಸಿತು. ಆದರೆ 100ಕ್ಕೆ ಹೋದ ಮೇಲೆ, ಮಗಳಿಗೆ ಜ್ವರ ಬಂದಾಗ ಮೊದಲಿನಷ್ಟು ಚಿಂತೆಯೂ ಆಗಲಿಲ್ಲ ಎಂದು ಅವರೇ ಹೇಳಿದರು. ಈ ಗುಂಪಿನ ಔಷಧಿಗಳಿಂದಲೇ ಭಾವನೆ ಮಂದವಾಗಬಹುದು. ಕಾಯಿಲೆಯ ಮರಗಟ್ಟುವಿಕೆಗೂ ಮಾತ್ರೆಯದಕ್ಕೂ ವ್ಯತ್ಯಾಸ ತಿಳಿಯಲು ಇರುವ ದಾರಿ ತಾರೀಖು ನೋಡುವುದು: ಡೋಸ್ ಏರಿಸಿದ ಬೆನ್ನಿಗೆ ಹೆಚ್ಚಾಯಿತೇ? ಇಲ್ಲಿ ಹೌದು. ನಿಧಾನವಾಗಿ 50ಕ್ಕೆ ಇಳಿಸಿದರು. ವೈದ್ಯರನ್ನು ಕೇಳದೆ ಮನೆಯಲ್ಲೇ ಇಳಿಸುವ ಕೆಲಸ ಇದಲ್ಲ.

ಮಾತಿನ ಚಿಕಿತ್ಸೆ

‘ಈಗ ಏನನಿಸ್ತಿದೆ?’ ಎಂದು ಮರಗಟ್ಟಿದವರನ್ನು ಕೇಳುತ್ತ ಹೋದರೆ ಪ್ರತಿ ಸಲವೂ ‘ಏನಿಲ್ಲ’ ಎಂದು ಸೋಲಬೇಕಾಗುತ್ತದೆ. ಮನಶ್ಶಾಸ್ತ್ರಜ್ಞೆ ಆ ಪ್ರಶ್ನೆಯನ್ನೇ ಕೈಬಿಟ್ಟು ಮೈಯಿಂದ ಶುರುಮಾಡಿದರು. ಗಂಟಲು, ಎದೆ, ಹೊಟ್ಟೆ, ಅಂಗೈ: ದಿನಕ್ಕೆ ಮೂರು ಹೊತ್ತು, ಒಂದೊಂದು ನಿಮಿಷ ಗಮನ ಕೊಟ್ಟು ಬಿಗಿ, ಬಿಸಿ, ತಣ್ಣಗೆ, ಭಾರ ಇತ್ಯಾದಿ ಒಂದು ಪದ ಮತ್ತು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಬೇಕು. ಸೊನ್ನೆ ಬರೆದರೂ ಕೆಲಸ ಮಾಡಿದಂತೆಯೇ ಲೆಕ್ಕ. ಮೊದಲ ವಾರ ಪುಟ ತುಂಬ ಸೊನ್ನೆ. ಎರಡನೇ ವಾರ, ಹಸುವಿನ ಹಾಲು ಕರೆಯುವಾಗ ‘ಅಂಗೈ – ಬಿಸಿ – 2’.

ಅದರ ಜೊತೆಗೆ ದಿನದ ಕೆಲಸಗಳ ಪಟ್ಟಿ. ‘ಮನಸ್ಸಾದರೆ ಮಾಡಿ’ ಎಂದರೆ ಇಂಥವರು ಎಂದೂ ಮಾಡುವುದಿಲ್ಲ, ಮನಸ್ಸಾಗುವುದೇ ಇಲ್ಲವಲ್ಲ. ಹಿಂದೆ ಇಷ್ಟವಿದ್ದ ಮೂರು ಕೆಲಸಗಳನ್ನು ಗಂಟೆ ಹಾಕಿ ಬರೆದರು: ಬೆಳಗ್ಗೆ ಆರಕ್ಕೆ ಹಾಲು ಕರೆಯುವುದು, ಸಂಜೆ ಮಗಳನ್ನು ಮೈದಾನಕ್ಕೆ ಬಿಟ್ಟು ಅಲ್ಲೇ ಅರ್ಧ ಗಂಟೆ ಬಿರುಸಾಗಿ ನಡೆಯುವುದು, ಗುರುವಾರ ಸಂತೆ. ಅನಿಸಿಕೆ ಬರುವುದು ಕೆಲಸದ ಹಿಂದೆ, ಮುಂದೆ ಅಲ್ಲ ಎಂದು ಮೊದಲೇ ಹೇಳಿದ್ದರು. ವಿಡಿಯೋ ಅಳಿಸಿ, ಆಟೋ-ಡೌನ್‌ಲೋಡ್ ನಿಲ್ಲಿಸಿ, ಎರಡು ಗ್ರೂಪ್‌ಗಳಿಂದ ಹೊರಬರುವುದು ಮೊದಲ ಭೇಟಿಯಲ್ಲೇ ಆಗಿತ್ತು.

ನಾಲ್ಕನೇ ಭೇಟಿಯಿಂದ ಘಟನೆಯ ನೆನಪಿಗೆ ಕೈಹಾಕಿದರು. ಪದ್ಧತಿ ಹೀಗೆ: ಕಣ್ಣು ಮುಚ್ಚಿ, ಈಗ ನಡೆಯುತ್ತಿದೆ ಎಂಬಂತೆ ವರ್ತಮಾನಕಾಲದಲ್ಲಿ, ಮುಕ್ಕಾಲು ಗಂಟೆ ಘಟನೆಯನ್ನು ಮತ್ತೆ ಮತ್ತೆ ಹೇಳುವುದು, ನಡುನಡುವೆ ಸಂಕಟವನ್ನು 0ಯಿಂದ 100ರೊಳಗೆ ಅಳೆಯುವುದು, ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಕ್ಕೊಮ್ಮೆ ಕೇಳುವುದು. ಸಾಮಾನ್ಯವಾಗಿ ಸಂಕಟ 80-90ಕ್ಕೆ ಹೋಗಿ ವಾರಗಳಲ್ಲಿ ಇಳಿಯುತ್ತದೆ. ಬಸಣ್ಣನದು 10. ಮೂರು ಸಲ ಹೇಳಿಸಿದರೂ 10.

ರೆಕಾರ್ಡ್ ಕೇಳಿದಾಗ ಕಾರಣ ಸಿಕ್ಕಿತು. “ಸದರಿ ದಿನ ಸುಮಾರು ಒಂಬತ್ತು ಮೂವತ್ತಕ್ಕೆ ಸದರಿಯವರು ಕಂಬ ಹತ್ತಿದ್ದು, ನಾನು ಸ್ಥಳದಲ್ಲಿ ಹಾಜರಿದ್ದು...” ಪೊಲೀಸರಿಗೆ, ಇಲಾಖೆಗೆ, ತನಿಖೆಗೆ ಅಷ್ಟು ಸಲ ಹೇಳಿ ಹೇಳಿ ಅವರ ನೆನಪು ಹೇಳಿಕೆಯ ಭಾಷೆಯಲ್ಲೇ ಹೆಪ್ಪುಗಟ್ಟಿತ್ತು. ಆ ಭಾಷೆಯಲ್ಲಿ ‘ಅವನು’ ಇಲ್ಲ, ಕೈಕಾಲು ಇಲ್ಲ, ವಾಸನೆ ಇಲ್ಲ. ಅವರ ಅಂಗೈ ಮಾತ್ರ ಬೆವರುತ್ತಿತ್ತು, ಉಸಿರು ಮೇಲುಮೇಲಕ್ಕೆ ಆಡುತ್ತಿತ್ತು. ಬಾಯಿ 10 ಎನ್ನುವಾಗ ಮೈ ಬೇರೆಯೇ ಹೇಳುತ್ತಿತ್ತು.

ಇಲ್ಲಿ ಮಾಡಿದ ಬದಲಾವಣೆ ಚಿಕ್ಕದು. ಕಣ್ಣು ತೆರೆದು ಕೂರಿಸಿ, “ಮನೇಲಿ ಅಣ್ಣನ ಹತ್ರ ಮಾತಾಡ್ತೀರಲ್ಲ, ಹಂಗೇ ಹೇಳಿ. ಹುಡುಗನ್ನ ಏನಂತ ಕರೀತಿದ್ರಿ?” ಎಂದು ಕೇಳಿದರು. “ತಮ್ಮಾ ಅಂತಿದ್ದೆ.” ಇಡೀ ಘಟನೆಯ ಬದಲು ಕಟ್ಟಕಡೆಯ ಒಂದು ನಿಮಿಷ ಮಾತ್ರ. “ನಿಮ್ಮ ಕೈಯಲ್ಲಿ ಏನಿದೆ?”

ಹಗ್ಗ ಇತ್ತು. ಪೊಲೀಸರ ಹೇಳಿಕೆಯಲ್ಲಿ ಹಗ್ಗದ ಮಾತೇ ಬಂದಿರಲಿಲ್ಲ. ಹಗ್ಗದ ಮೇಲಿನ ತುದಿ ಹುಡುಗನ ಬೆಲ್ಟಿಗೆ ಸಿಕ್ಕಿಸಿತ್ತು. ಶಾಕ್ ಹೊಡೆದ ಗಳಿಗೆಯಲ್ಲಿ ಅದು ಬಸಣ್ಣನ ಅಂಗೈಯಲ್ಲಿ ಒಂದೇ ಸಲ ಬಿಗಿಯಾಗಿ ಎಳೆಯಿತು. ಅವರು ಬಿಟ್ಟುಬಿಟ್ಟರು. “ಅವ್ನು ಎಳೆದ ಮೇಡಂ. ನಾ ಬಿಟ್ಟೆ.” ಅಂಗೈ ನಡುಗಲು ಶುರುವಾಯಿತು. ಸಂಕಟದ ಅಂಕಿ ಕೇಳಿದರೆ ಉತ್ತರವಿಲ್ಲ.

ಕೆಟ್ಟಿತು ಎಂದು ಎಲ್ಲರಿಗೂ ಅನಿಸಿದ ಹದಿನೈದು ದಿನ

ಆ ವಾರ ಬಸಣ್ಣ ಊಟದ ತಟ್ಟೆ ಎಸೆದರು. ಜನರೇಟರ್ ಇಟ್ಟವರನ್ನು, ಇಲಾಖೆಯನ್ನು, ಅತ್ತೆಮನೆಯವರನ್ನು ಬೈದರು. ರಾತ್ರಿ ಚೀರಿ ಏಳತೊಡಗಿದರು. ಹೆಂಡತಿ ಫೋನ್ ಮಾಡಿ, “ಮೊದಲೇ ವಾಸಿ ಇತ್ತು ಮೇಡಂ. ಸುಮ್ನೆ ಕುಂತಿರೋರು. ಈಗ ಮೈಮೇಲೇ ಬರ್ತಾರೆ” ಎಂದರು. ಪಿಸಿಎಲ್-5 ತೆಗೆದು ನೋಡಿದರೆ 46 ಇದ್ದದ್ದು 55.

ತಂಡದೊಳಗೂ ಭಿನ್ನಾಭಿಪ್ರಾಯ ಇತ್ತು. ಚಿಕಿತ್ಸೆ ನಿಲ್ಲಿಸೋಣ, ಮಾತ್ರೆ ಏರಿಸೋಣ, ವಾರ್ಡಿಗೆ ಸೇರಿಸೋಣ ಎಂಬ ಮೂರೂ ಸಲಹೆ ಬಂದವು. ತೀರ್ಮಾನಕ್ಕೆ ನೆರವಾದದ್ದು ಅಂಕಗಳ ಹಂಚಿಕೆ. ನೆನಪು-ಕನಸಿನ ಭಾಗ 6ರಿಂದ 14ಕ್ಕೆ ಏರಿತ್ತು. ಸಿಟ್ಟು, ಬೆಚ್ಚುವಿಕೆಯ ಭಾಗವೂ ಏರಿತ್ತು. ಆದರೆ 12, 13, 14ನೇ ಪ್ರಶ್ನೆಗಳು ಇರುವ ಭಾಗ 22ರಿಂದ 17ಕ್ಕೆ ಇಳಿದಿತ್ತು. ಅಂದರೆ ಮರಗಟ್ಟಿದ್ದು ಬಿಡುತ್ತಿತ್ತು, ಅದರ ಕೆಳಗೆ ಇದ್ದದ್ದು ಮೇಲೆ ಬರುತ್ತಿತ್ತು. ಹೀಗೆ ಬಿಡುವಾಗ ಮೊದಲು ಬರುವುದು ಬಹಳ ಸಲ ಅಳುವಲ್ಲ, ಸಿಟ್ಟು, ಭಯ. ಈ ಮಾತನ್ನು ಮನೆಯವರಿಗೆ ಮೊದಲ ದಿನವೇ ಹೇಳಿರಬೇಕಿತ್ತು. ಹೇಳಿರಲಿಲ್ಲ, ಚಿಕಿತ್ಸೆ ಮುರಿಯುವ ಹಂತಕ್ಕೆ ಬಂದದ್ದು ಅದರಿಂದಲೇ.

ಮುಂದುವರಿಸುವುದೆಂದಾಯಿತು, ಷರತ್ತುಗಳ ಮೇಲೆ. ಸಾಯುವ ಯೋಚನೆ ಯೋಜನೆಯಾದರೆ, ಕುಡಿತ ಮರಳಿದರೆ, ಮನೆಯಲ್ಲಿ ಯಾರ ಮೇಲಾದರೂ ಕೈ ಎತ್ತಿದರೆ ನೆನಪಿನ ಕೆಲಸ ಆ ದಿನವೇ ನಿಲ್ಲಬೇಕು. ಇದನ್ನು ಬರೆದು ಎಲ್ಲರೂ ಸಹಿ ಹಾಕಿದರು. ಭೇಟಿ ವಾರಕ್ಕೆ ಎರಡು, ಆದರೆ ಚಿಕ್ಕವು. ಮನೆಯಲ್ಲಿ ರೆಕಾರ್ಡ್ ಕೇಳುವುದು ಸಂಜೆ ಆರರೊಳಗೆ, ಅಣ್ಣ ಹತ್ತಿರ ಇದ್ದಾಗ, ಕೇಳಿದ ಮೇಲೆ ತಣ್ಣೀರಲ್ಲಿ ಮುಖ ತೊಳೆದು ಇಪ್ಪತ್ತು ನಿಮಿಷ ನಡಿಗೆ. ಸಿಟ್ಟು ಏರಿದರೆ ‘ಹೊಲಕ್ಕೆ ಹೋಗ್ತೀನಿ’ ಎಂದು ಹೇಳಿ ಹೊರಡುವುದು, ಹೆಂಡತಿ ಹಿಂದೆ ಬರಬಾರದು, ಅಣ್ಣ ಬರಬೇಕು. ಡೋಸ್ 50ರಲ್ಲೇ ಇತ್ತು.

ಹಗ್ಗದ ಬಗ್ಗೆ ‘ನಿಮ್ಮ ತಪ್ಪಿಲ್ಲ’ ಎಂದು ಯಾರೂ ಹೇಳಲಿಲ್ಲ. ಅದನ್ನು ಊರೆಲ್ಲ ಹೇಳಿ ಆಗಿತ್ತು, ತಟ್ಟಿರಲಿಲ್ಲ. ಬದಲಿಗೆ ಕೇಳಿದ್ದು: ಹೊಸದಾಗಿ ಸೇರಿದವನು ಹೀಗೆ ಮಳೆಯಲ್ಲಿ ನೆನೆದ ಹಗ್ಗ ಹಿಡಿದು ನಿಂತಿದ್ದರೆ ಅವನಿಗೆ ಏನು ಹೇಳುತ್ತೀರಿ? “ಬಿಡು ಅಂತೀನಿ.” ಯಾಕೆ? ಒದ್ದೆ ಹಗ್ಗದಲ್ಲಿ ಕರೆಂಟ್ ಹೇಗೆ ಇಳಿಯುತ್ತದೆ, ಎಷ್ಟು ದೂರ ನಿಲ್ಲಬೇಕು ಎಂದು ಬಸಣ್ಣ ಕಾಲು ಗಂಟೆ ಪಾಠ ಮಾಡಿದರು. ಪಾಠ ಮುಗಿಸಿ ಸುಮ್ಮನಾದರು. ಹುಡುಗ ‘ಎಳೆದದ್ದು’ ಕೈಯಿಂದಲ್ಲ, ಶಾಕಿಗೆ ಸ್ನಾಯು ಸೆಟೆದದ್ದು ಎಂಬುದೂ ಅವರ ಬಾಯಿಂದಲೇ ಬಂತು. ಇಷ್ಟಕ್ಕೆ ತಪ್ಪಿತಸ್ಥ ಭಾವ ಪೂರ್ತಿ ಹೋಗಲಿಲ್ಲ, ಅರ್ಥ್ ರಾಡ್ ಎರಡೂ ಕಡೆ ಹಾಕಿಸಬೇಕಿತ್ತು ಎಂಬುದು ಉಳಿಯಿತು. ಅದು ನಿಜವಾದ ಮಾತೇ ಆದ್ದರಿಂದ ಅಳಿಸಲು ಯತ್ನಿಸಲೂ ಇಲ್ಲ.

ಆಮೇಲೆ

ತಪ್ಪಿಸಿಕೊಳ್ಳುತ್ತಿದ್ದ ಜಾಗಗಳ ಪಟ್ಟಿ ಮಾಡಿ ಸುಲಭದಿಂದ ಕಷ್ಟಕ್ಕೆ ಹೋದರು: ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವುದು, ಇಳಿದು ನಿಲ್ಲುವುದು, ತರಬೇತಿ ಅಂಗಳದಲ್ಲಿ ಕರೆಂಟಿಲ್ಲದ ಕಂಬ ಮುಟ್ಟುವುದು, ಹಗ್ಗ ಹಿಡಿಯುವುದು. ಕೊನೆಯದು ಹುಡುಗನ ಮನೆ. ತಾಯಿ ಕೇಳಬಹುದಾದ ಪ್ರಶ್ನೆಗಳಿಗೆ ಮೊದಲೇ ತಯಾರಿ ಆಗಿತ್ತು, ಅಣ್ಣ ಜೊತೆಗಿದ್ದರು, ಮುಂಚೆ ಫೋನ್ ಮಾಡಿಯೇ ಹೋದರು. ಆಕೆ ಕೇಳಿದ್ದು ಒಂದೇ: ಅವನು ಏನಾದರೂ ಅಂದನಾ? ಇಲ್ಲ ಎಂದು ನಿಜ ಹೇಳಿದರು.

ಅಳು ಬಂದದ್ದು ಅಲ್ಲಿಯೂ ಅಲ್ಲ, ಚಿಕಿತ್ಸೆಯ ಕೋಣೆಯಲ್ಲಿಯೂ ಅಲ್ಲ. ಪರಿಹಾರದ ಅರ್ಜಿಗೆ ಸಾಕ್ಷಿ ಸಹಿ ಹಾಕುವಾಗ ಕಚೇರಿಯಲ್ಲಿ, ಜನರ ಮಧ್ಯೆ. ಭಯ ಅದಕ್ಕೂ ಮೊದಲೇ ಮರಳಿತ್ತು: ಸಬ್‌ಸ್ಟೇಷನ್ ಅಂಗಳದಲ್ಲಿ ಗುಂಯ್‌ಗುಡುವ ಸದ್ದಿಗೆ ಕೈ ರೋಮ ನಿಮಿರಿತು ಎಂದು ಹೇಳಿದಾಗ ತಂಡ ಅದನ್ನು ಸುಧಾರಣೆಯ ಪಟ್ಟಿಗೆ ಬರೆದುಕೊಂಡಿತು.

ಐದು ತಿಂಗಳ ಕೊನೆಗೆ ಪಿಸಿಎಲ್-5 ಅಂಕ 17. ಈ ಅಳತೆಯಲ್ಲಿ ಹತ್ತರಿಂದ ಹದಿನೈದು ಅಂಕದ ಇಳಿಕೆಯನ್ನೇ ಗಣನೀಯ ಸುಧಾರಣೆ ಎಂದು ಹಿಡಿಯುತ್ತಾರೆ. ಎಲ್ಲವೂ ಮೊದಲಿನಂತಾಗಿಲ್ಲ. ಬಾಡೂಟದ ಮನೆಗೆ ಈಗಲೂ ಹೋಗುವುದಿಲ್ಲ, ಸುಟ್ಟ ವಾಸನೆ ಆಗದು. ದಾಂಪತ್ಯದ ಆಸಕ್ತಿ ಎಲ್ಲಕ್ಕಿಂತ ತಡವಾಗಿ, ಅರೆಬರೆಯಾಗಿ ಬಂತು. ಅದರಲ್ಲಿ ಸರ್ಟ್ರಾಲಿನ್‌ನ ಪಾಲೂ ಇರುವುದರಿಂದ ದಂಪತಿಗೆ ಅದನ್ನು ಬಿಡಿಸಿ ಹೇಳಬೇಕಾಯಿತು. ಕಂಬದ ಕೆಲಸಕ್ಕೆ ಮರಳಲು ಅವರು ಒಪ್ಪಲಿಲ್ಲ, ಸಬ್‌ಸ್ಟೇಷನ್ ಪಾಳಿ ಕೇಳಿ ಪಡೆದರು. ಇದನ್ನು ಸೋಲೆಂದು ಬರೆದುಕೊಳ್ಳಲು ಕಾರಣವಿಲ್ಲ.

ಸರ್ಟ್ರಾಲಿನ್ ಸುಧಾರಣೆಯ ನಂತರವೂ ಒಂದು ವರ್ಷ ಮುಂದುವರಿಸಿ, ಆಮೇಲೆ ಹಂತಹಂತವಾಗಿ ಇಳಿಸುವುದೆಂದು ಗೊತ್ತಾಗಿದೆ. ಹುಡುಗನ ವರ್ಷದ ಕಾರ್ಯಕ್ಕೆ ಒಂದು ವಾರ ಮುಂಚೆ ಒಂದು ಭೇಟಿ, ಆದ ಮೂರನೇ ದಿನ ಇನ್ನೊಂದು. ಆ ದಿನಗಳಲ್ಲಿ ಹಳೇ ವಿಡಿಯೋ ಮತ್ತೆ ಗ್ರೂಪ್‌ಗಳಲ್ಲಿ ಏಳುವ ಸಂಭವ ಇರುವುದರಿಂದ, ಹದಿನೈದು ದಿನ ಫೋನಿನ ವಾಟ್ಸ್‌ಆ್ಯಪ್ ನೋಡುವ ಜವಾಬ್ದಾರಿ ಮಗಳದಲ್ಲ, ಅಣ್ಣನದು ಎಂದೂ ಬರೆದಿಟ್ಟಿದೆ.